ವಿಷಲ್ ಬ್ಲೋವರ್‌ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ನಾಳೆ ಶಿವಮೊಗ್ಗದಲ್ಲಿ ಸರ್ಕಾರಿ ನೌಕರರಿಗೆ ಸಭೆ ಇದೆ. ಕಚೇರಿಯ ಅಕ್ರಮ ತಿಳಿಸಿದವರಿಗೆ ಕಾನೂನಿನಲ್ಲಿ ಏನು ರಕ್ಷಣೆ ಅನ್ನೋದು ವಿಷಯ. ಫ್ಲೆಕ್ಸ್‌ನವರು 6 ಗಂಟೆಗೆ ಮ್ಯಾಟರ್ ಕೇಳಿದ್ದಾರೆ. 'ಸೀಟಿ ಊದುವವರು' ಅಂತ ಹಾಕಿದರೆ ಬಸ್ ಕಂಡಕ್ಟರುಗಳ ಸಭೆ ಅಂದ್ಕೊಳ್ತಾರೆ. 'ಮಾಹಿತಿದಾರ' ಅಂದರೆ ಪೊಲೀಸರ ಕಡೆಯವನು. 'ಚಾಡಿಕೋರ' ಅಂತೂ ಬೇಡವೇ ಬೇಡ. ಬೇರೆ ಪದ ಹೇಳಿ.

ಸಾಗರದಿಂದ:
ಸೀಟಿ ಹಿಂದಿ. ನಮ್ಮದು ಸಿಳ್ಳು. ಮಳೆ ಹಿಡಿದ ಮೇಲೆ ಆಗುಂಬೆ ಕಡೆ ಬೆಳಗಿನ ಜಾವ ಕೇಳಿ, ಯಾರೋ ಹುಡುಗ ಸುಮ್ನೆ ಸಿಳ್ಳೆ ಹಾಕ್ತಾ ಹೋದ ಹಾಗಿರುತ್ತದೆ. ಆ ಹಕ್ಕಿ ಸಿಳ್ಳಾರ. ಅದೇ ಪದ ಹಾಕಿ. ಸಂಸ್ಕೃತವೂ ಬೇಡ, ಪಾರ್ಸಿಯೂ ಬೇಡ.

ತೀರ್ಥಹಳ್ಳಿಯಿಂದ:
ಫ್ಲೆಕ್ಸ್ ಮೇಲೆ ಹಕ್ಕಿ ಹೆಸರಾ ಮಾರಾಯ್ರೆ? ಆ 'ಆರ' ಎಲ್ಲಿಂದ ಬಂತು? ಕುಂಭಕಾರ ಕುಂಬಾರನಾದ ದಾರಿ ನೋಡಿ. 'ದೂರುದಾರ' ಸಾಕು. ಇಂಥವರ ರಕ್ಷಣೆಗೆ ಮಾಡಿದ 2014ರ ಕಾಯ್ದೆಯ ಹೆಸರಲ್ಲಷ್ಟೇ ವಿಷಲ್ ಇದೆ, ಒಳಗೆಲ್ಲ ದೂರುದಾರನೇ.

ಸಾಗರದಿಂದ:
'ದಾರ' ಪಾರ್ಸಿ.

ತೀರ್ಥಹಳ್ಳಿಯಿಂದ:
ಹಾಗಾದರೆ ತಹಶೀಲ್ದಾರರನ್ನು ನಾಳೆಯಿಂದ ಏನಂತ ಕರೀತೀರಿ?

ಹೊಸನಗರದಿಂದ:
ಕಚೇರಿಯಲ್ಲಿ ಟಪಾಲು ನೋಡುತ್ತಲೇ ನಿವೃತ್ತನಾದವನು ನಾನು. ನಿಮ್ಮ ಸಿಳ್ಳೆ ಜಗಳವೇ ತಪ್ಪು ಜಾಗದಲ್ಲಿದೆ. ಸಿಳ್ಳೆ ಹಾಕಿದರೆ ಊರಿಗೆಲ್ಲ ಕೇಳುತ್ತದೆ. ಇಲ್ಲಿ ದೂರು ಹೋಗುವುದು ಗುಟ್ಟಾಗಿ. ದೂರು ಕೊಟ್ಟವರ ಹೆಸರು ಬಿಟ್ಟುಕೊಟ್ಟವನಿಗೆ 3 ವರ್ಷದವರೆಗೆ ಜೈಲು ಅಂತ ಕಾಯ್ದೆ ಹೇಳುತ್ತದೆ. ಹಾಗಂತ ಮೂಕರ್ಜಿ ನಡೆಯಲ್ಲ, ದೂರಿನೊಳಗೆ ಹೆಸರು ಇರಲೇಬೇಕು. ಹೆದ್ದಾರಿ ಇಂಜಿನಿಯರ್ ಸತ್ಯೇಂದ್ರ ದುಬೆ ತನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಯೇ ಪ್ರಧಾನಿ ಕಚೇರಿಗೆ ಬರೆದಿದ್ದರು. ಪತ್ರ ಹೆಸರಿನ ಸಮೇತ ಮೇಜಿಂದ ಮೇಜಿಗೆ ಹೋಯಿತು. 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಆಮೇಲೆ 2004ರಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿ, ಇಂಥ ದೂರುಗಳನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು. 2014ರ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದರೂ ಜಾರಿಯ ಅಧಿಸೂಚನೆ ಹೊರಟಿಲ್ಲ. ಸಭೆಯಲ್ಲಿ ಅದನ್ನು ಮೊದಲು ಹೇಳಿ, ಪದ ಆಮೇಲೆ.

ಶಿವಮೊಗ್ಗದಿಂದ:
ಎಲ್ಲರಿಗೂ ಥ್ಯಾಂಕ್ಸ್. 'ಅಕ್ರಮ ತಿಳಿಸಿದ ನೌಕರರಿಗೆ ರಕ್ಷಣೆ' ಅಂತ ಕಳಿಸಿಬಿಟ್ಟೆ. ಜಾರಿ ವಿಷಯ ಭಾಷಣದಲ್ಲಿ ಬರುತ್ತದೆ.

ಸಾಗರದಿಂದ:
ಅಕ್ರಮ, ರಕ್ಷಣೆ ಸಂಸ್ಕೃತ. ನೌಕರ ಪಾರ್ಸಿ. ಉಳಿದದ್ದು 'ತಿಳಿಸಿದ' ಒಂದೇ.