ದಸರಾದಲ್ಲಿ ಸಂಗೀತ ಕೇಳಲು ಯಾವ ದಿನ ಬರಬೇಕು?

ನಾವು ಹುಬ್ಬಳ್ಳಿಯವರು. ಅಮ್ಮನಿಗೆ ಅರವತ್ತು ದಾಟಿದೆ, ಸಂಗೀತ ಅಂದರೆ ಪ್ರಾಣ. ಈ ಸಲ ಮೈಸೂರು ದಸರಾಕ್ಕೆ ಕರೆದುಕೊಂಡು ಬರಬೇಕು ಅಂತಿದ್ದೇವೆ. ಎರಡೇ ದಿನ ರಜೆ. ಜಂಬೂಸವಾರಿಗೆ ಬರುವುದಾ, ಮೊದಲೇ ಬರುವುದಾ? ಕಛೇರಿ, ಜನಪದ ಎರಡೂ ಕೇಳಬೇಕು. ಅನುಭವ ಇದ್ದವರು ಹೇಳಿ.

ಮೈಸೂರಿನಿಂದ: ಎರಡೇ ದಿನ ಅಂದರೆ ಜಂಬೂಸವಾರಿ ಬಿಡಿ. ನವರಾತ್ರಿಯ ನಡುವೆ ಬನ್ನಿ, ಶನಿವಾರ ಭಾನುವಾರ ತಪ್ಪಿಸಿ. ಎಲ್ಲರೂ ಅರಮನೆ ವೇದಿಕೆಗೇ ಹೋಗಿ ಅಂತಾರೆ. ಹೋಗಿ, ಸುಮಾರು ಒಂದು ಲಕ್ಷ ದೀಪ ಒಟ್ಟಿಗೆ ಹೊತ್ತುವುದನ್ನು ಅಮ್ಮ ನೋಡಲೇಬೇಕು. ಆದರೆ ಅಲ್ಲಿ ಅರ್ಧ ಜನ ಫೋಟೋ ತೆಗೆಯಲು ಬಂದಿರುತ್ತಾರೆ, ಓಡಾಟ ಜಾಸ್ತಿ. ಆಲಾಪನೆಯನ್ನು ನೆಮ್ಮದಿಯಾಗಿ ಕೇಳಬೇಕು ಅಂದರೆ ಜಗನ್ಮೋಹನ ಅರಮನೆಯ ಸಭಾಂಗಣಕ್ಕೆ ಹೋಗಿ. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ, ಹೊಸದು ಏಳುವವರೆಗೆ ರಾಜರ ದರ್ಬಾರು ನಡೆದದ್ದು ಇಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ರಾಜ್ಯಾಧಿಕಾರ ವಹಿಸಿಕೊಂಡದ್ದೂ ಇಲ್ಲೇ. ವೀಣೆ ಶೇಷಣ್ಣ, ವಾಸುದೇವಾಚಾರ್ಯರನ್ನು ಪೋಷಿಸಿದ ಆಸ್ಥಾನ ಇದು. ಆ ಜಾಗದಲ್ಲಿ ಕೂತು ವೀಣೆ ಕೇಳುವ ಸುಖವೇ ಬೇರೆ. ಗಾನಭಾರತಿ, ನಾದಬ್ರಹ್ಮ ಸಭೆಯಲ್ಲೂ ಕಛೇರಿ ಇರುತ್ತವೆ. ಅಲ್ಲಿಗೆ ಬರುವವರು ಕೇಳುವುದಕ್ಕೇ ಬರುತ್ತಾರೆ, ಪಕ್ಕದಲ್ಲಿ ತಾಳ ಹಾಕುತ್ತಾ ಕೂತ ಹಿರಿಯರ ಜೊತೆ ಅಮ್ಮ ಮಾತಿಗೂ ಇಳಿಯಬಹುದು.

ಮಂಡ್ಯ ಕಡೆಯಿಂದ: ಎಲ್ಲರೂ ಮೈಸೂರು ಮೈಸೂರು ಅಂತೀರಿ. 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. 2010ರಲ್ಲಿ ನಾನೂರು ವರ್ಷ ತುಂಬಿತು. ಈಗಲೂ ನವರಾತ್ರಿಯಲ್ಲಿ ಕೆಲವು ದಿನ ಇಲ್ಲಿ ದಸರಾ ನಡೆಯುತ್ತದೆ. ಕಿರಂಗೂರಿನ ಬನ್ನಿಮಂಟಪದಿಂದ ಆನೆಯ ಮೆರವಣಿಗೆ ಹೊರಡುತ್ತದೆ. ಮೈಸೂರಿನಷ್ಟು ನೂಕುನುಗ್ಗಲು ಇಲ್ಲ, ಅಮ್ಮ ರಸ್ತೆ ಬದಿಯಲ್ಲೇ ಹತ್ತಿರದಿಂದ ನೋಡಬಹುದು. ಪೂಜಾ ಕುಣಿತ ನಮ್ಮ ಸೀಮೆಯ ಹೆಮ್ಮೆ. ದೇವರ ಪೂಜೆಯನ್ನು, ಅಂದರೆ ಸಿಂಗರಿಸಿದ ಬಿದಿರಿನ ಚೌಕಟ್ಟನ್ನು, ತಲೆ ಮೇಲೆ ಹೊತ್ತು, ಕೈ ಬಿಟ್ಟು ಕುಣಿಯುತ್ತಾರೆ. ತಮಟೆಯ ಗತ್ತು ಏರಿದ ಹಾಗೆ ಹೆಜ್ಜೆಯೂ ಏರುತ್ತದೆ. ವೇದಿಕೆ ಮೇಲೆ ಮೈಕಿನಲ್ಲಿ ಕೇಳುವ ತಮಟೆಗೂ ಎರಡು ಮಾರು ದೂರದಲ್ಲಿ ಎದೆ ನಡುಗಿಸುವ ತಮಟೆಗೂ ಹೋಲಿಕೆಯೇ ಇಲ್ಲ. ಮೈಸೂರಿನಿಂದ ಹದಿನೈದು ಕಿಲೋಮೀಟರ್ ಅಷ್ಟೇ. ಇಲ್ಲಿಯ ದಿನಗಳು ಬೇರೆ ಇರುತ್ತವೆ, ಮೊದಲೇ ವಿಚಾರಿಸಿ.

ಇನ್ನೊಬ್ಬರು: ಜಂಬೂಸವಾರಿ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಬಾರಿ ಬರುವ ಮೊದಲು ಸಾಗುವುದೆಲ್ಲ ಸಂಗೀತವೇ ಅಲ್ವಾ? ನಂದಿಧ್ವಜ, ನಾದಸ್ವರ, ಕಂಸಾಳೆ, ಡೊಳ್ಳು, ನಗಾರಿ, ವೀರಗಾಸೆ, ಪೊಲೀಸ್ ಬ್ಯಾಂಡು. ಇಡೀ ಕರ್ನಾಟಕ ಒಂದೇ ರಸ್ತೆಯಲ್ಲಿ ಹಾದುಹೋಗುತ್ತದೆ. ಮಾದಪ್ಪನ ಗುಡ್ಡರು, ಅಂದರೆ ಮಲೆ ಮಹದೇಶ್ವರನ ಭಕ್ತರು, ಕಂಸಾಳೆ ಬೀಸುವಾಗ ಕಣ್ಣು ಕಿವಿ ಎರಡೂ ಸಾಲದು. ಆದರೆ ಹಿರಿಯರನ್ನು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆಯ ಜನಸಾಗರದಲ್ಲಿ ಗಂಟೆಗಟ್ಟಲೆ ನಿಲ್ಲಿಸಬೇಡಿ. ಅರಮನೆ ಒಳಗಿನ ಆಸನಕ್ಕೆ ಪಾಸು ಸಿಕ್ಕರೆ ಮಾತ್ರ ಕರೆತನ್ನಿ. ಸಿಗದಿದ್ದರೆ ಮೊದಲಿನವರು ಹೇಳಿದ್ದೇ ಸರಿ.

ಮೈಸೂರಿನಿಂದ, ಮತ್ತೆ: ಒಪ್ಪಿದೆ, ಪಾಸು ಇದ್ದರೆ ಬನ್ನಿ. ಜನಪದಕ್ಕೆ ಚಿಕ್ಕ ಗಡಿಯಾರದ ವೇದಿಕೆ ಮರೆಯಬೇಡಿ. ದೇವರಾಜ ಮಾರುಕಟ್ಟೆ ಪಕ್ಕದಲ್ಲೇ ಇದೆ, ಸಂಜೆ ಸುಮ್ನೆ ಹೋಗಿ ಕೂತರಾಯಿತು. ಯಾವ ವೇದಿಕೆಯಲ್ಲಿ ಯಾರು ಅನ್ನುವ ಪಟ್ಟಿ ಹಬ್ಬದ ಹತ್ತಿರ ಪತ್ರಿಕೆಗಳಲ್ಲಿ ಬರುತ್ತದೆ. ರೂಮು ಮಾತ್ರ ಈಗಲೇ ಹಿಡಿಯಿರಿ, ಆಮೇಲೆ ದರ ಏರುತ್ತದೆ. ಅಮ್ಮನಿಗೆ ಯಾವ ವಾದ್ಯ ಇಷ್ಟ ಅಂತ ಬರೆಯಿರಿ, ಪಟ್ಟಿ ಬಂದ ಕೂಡಲೇ ನೋಡಿ ಹೇಳುತ್ತೇನೆ.