ಸಹಾಯ ಬೇಕು: ತಿಮಿಂಗಿಲದ ರೆಕ್ಕೆ ನೋಡಿ ಮಾಡಿದ ಫಿನ್ ಸ್ಪಿನ್ ಔಟ್ ಆಗ್ತಿದೆ

ವಿಂಡ್‌ಸರ್ಫಿಂಗ್ ಬೋರ್ಡಿಗೆ (ಹಾಯಿ ಇರುವ ಸರ್ಫ್ ಹಲಗೆ) ಸ್ವಂತವಾಗಿ ಫಿನ್ (ಹಲಗೆಯ ಹಿಂಭಾಗದಡಿ ನೀರಿನಲ್ಲಿರುವ ರೆಕ್ಕೆ) ಮಾಡಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದೀರಾ?

ಹಂಪ್‌ಬ್ಯಾಕ್ ತಿಮಿಂಗಿಲದ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಉಬ್ಬುಗಳಿರುತ್ತವಲ್ಲ, 2004ರಲ್ಲಿ ಅದರ ಮಾದರಿಯನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ನುಣುಪು ರೆಕ್ಕೆಗಿಂತ ಸುಮಾರು 40% ಜಾಸ್ತಿ ಕೋನದವರೆಗೂ ಅದು ಸ್ಟಾಲ್ ಆಗಿರಲಿಲ್ಲ, ಅಂದರೆ ಎತ್ತುವ ಬಲ ಕಳೆದುಕೊಂಡಿರಲಿಲ್ಲ. ಇದನ್ನು ಓದಿ ತಲೆಗೆ ಹುಳ ಬಿಟ್ಟುಕೊಂಡೆ. 10 ಮಿ.ಮೀ. ದಪ್ಪದ ಜಿ10 (ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನ) ಹಲಗೆಯಲ್ಲಿ 36 ಸೆಂ.ಮೀ. ಉದ್ದದ ಫಿನ್ ಕೊರೆದು, ಮುಂದಿನ ಅಂಚಿಗೆ ಆರು ಉಬ್ಬು ಬರುವ ಹಾಗೆ ಅರದಿಂದ ಉಜ್ಜಿದೆ. (ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಆ ಗಾಜಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.)

ನಿಧಾನವಾಗಿ ಹೋಗುವಾಗ ಹಿಡಿತ ಚೆನ್ನಾಗಿದೆ. ಆದರೆ ಬೋರ್ಡ್ ಪ್ಲೇನಿಂಗ್‌ಗೆ (ವೇಗ ಹೆಚ್ಚಾಗಿ ನೀರಿನ ಮೇಲೆಯೇ ಜಾರುವ ಸ್ಥಿತಿಗೆ) ಬಂದು ನಾನು ಹಿಂಗಾಲಿನಿಂದ ಸ್ವಲ್ಪ ಒತ್ತಿದರೆ ಸಾಕು, ಫಿನ್ ಹಿಡಿತ ಬಿಟ್ಟು ಹಿಂಭಾಗ ಪಕ್ಕಕ್ಕೆ ಜಾರಿಬಿಡುತ್ತದೆ, ಅದೇ ಸ್ಪಿನ್ ಔಟ್. ಅಷ್ಟೇ ಉದ್ದದ ನುಣುಪು ಫಿನ್‌ನಲ್ಲಿ ಈ ಕಾಟ ಇಲ್ಲ.

ನನ್ನ ಅನುಮಾನ ಉಬ್ಬುಗಳ ನಡುವಿನ ತಗ್ಗಿನ ಮೇಲೆ. ಅಲ್ಲಿ ಅಂಚು ಮೊಂಡಾಗಿದೆ, ಎರಡೂ ಮೈ ಒಂದೇ ಥರ ಇಲ್ಲ. ಅಥವಾ ಬುಡದ ಹತ್ತಿರದ ಉಬ್ಬಿನಿಂದಲೇ ಫಿನ್ ನೀರಿನ ಮೇಲಿನ ಗಾಳಿಯನ್ನು ಕೆಳಗೆ ಎಳೆದುಕೊಳ್ಳುತ್ತಿರಬಹುದಾ? ಉಬ್ಬುಗಳನ್ನು ತುದಿಯ ಅರ್ಧಕ್ಕೆ ಮಾತ್ರ ಇಟ್ಟು ನೋಡಿದವರಿದ್ದರೆ ಹೇಳಿ. ಹಿಂದಿನ ಅಂಚನ್ನು ಎಷ್ಟು ತೆಳ್ಳಗೆ ಮಾಡುತ್ತೀರಿ? ಎರಡೂ ಬದಿ ಸಮ ಇದೆಯಾ ಅಂತ ನೋಡಲು ರಟ್ಟಿನ ಅಚ್ಚು ಸಾಕಾ, ಬೇರೆ ಉಪಾಯ ಇದೆಯಾ?

"ಅಂಗಡಿಯಿಂದ ತಗೊಳ್ಳಿ" ಅಂತ ಮಾತ್ರ ಹೇಳಬೇಡಿ ಪ್ಲೀಸ್ 😄