ಪಾಕೆಟ್ ಕಾರ್ಟೂನಿಗೆ ಮಾತು ಬರೆಯೋದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ: ನನಗೆ ಚಿತ್ರ ಬರುತ್ತೆ, ಮಾತು ಕೂಡಿಬರ್ತಿಲ್ಲ. ದಿನಪತ್ರಿಕೆಗೆ ಪಾಕೆಟ್ ಕಾರ್ಟೂನ್, ಅಂದ್ರೆ ಒಂದೇ ಕಾಲಂನಲ್ಲಿ ಬರುವ ಪುಟ್ಟ ವ್ಯಂಗ್ಯಚಿತ್ರ, ಕಳಿಸಬೇಕು ಅಂತ ಆಸೆ. ಮಾತಿನ ಆಟ ಮಾಡಿದರೆ ಮನೆಯಲ್ಲಿ ನಗುತ್ತಾರೆ, ಪತ್ರಿಕೆಯಿಂದ ಉತ್ತರವೇ ಇಲ್ಲ. ಒಂದು ಉದಾಹರಣೆ ಕೊಡ್ತೀನಿ. ಚಿತ್ರದಲ್ಲಿ ರಸ್ತೆ ಗುಂಡಿಗೆ ಬಿದ್ದ ಸ್ಕೂಟರ್ ಸವಾರ. ಕೆಳಗೆ ಮಾತು: “ಐದು ವರ್ಷಕ್ಕೊಮ್ಮೆ ಮತಯಂತ್ರದ ಗುಂಡಿ ಒತ್ತಿದ್ದಕ್ಕೆ ದಿನಾ ರಸ್ತೆ ಗುಂಡಿಗೆ ಬೀಳ್ತಿದ್ದೀವಿ.” ಎಲ್ಲಿ ತಿದ್ದಬೇಕು?

ಉತ್ತರ, ಮೈಸೂರಿನಿಂದ:

ನಿಮ್ಮ ಐಡಿಯಾ ತುಂಬಾ ಚೆನ್ನಾಗಿದೆ, ದಯವಿಟ್ಟು ಬಿಡಬೇಡಿ. ತೊಂದರೆ ಒಂದೇ. ಗುಂಡಿಯ ಎರಡೂ ಅರ್ಥವನ್ನು ಮಾತಿನಲ್ಲೇ ಹೇಳಿಬಿಟ್ಟಿದ್ದೀರಿ, ಹಾಗಾಗಿ ನೀವು ಅಷ್ಟು ಕಷ್ಟಪಟ್ಟು ಬರೆದ ಸ್ಕೂಟರ್, ಸವಾರ, ರಸ್ತೆ ಯಾವುದಕ್ಕೂ ಕೆಲಸವೇ ಉಳಿದಿಲ್ಲ. ಒಂದು ಅರ್ಥ ಮಾತಿನಲ್ಲಿರಲಿ, ಇನ್ನೊಂದು ಚಿತ್ರದಲ್ಲಿರಲಿ. ಓದುವವರು ಎರಡನ್ನೂ ತಾವೇ ಜೋಡಿಸಿಕೊಳ್ಳಬೇಕು, ನಗು ಹುಟ್ಟೋದು ಆ ಕ್ಷಣದಲ್ಲಿ. ಸವಾರನ ಬೆರಳಿಗೆ ಮತದಾನದ ಶಾಯಿ ಹಾಕಿ. ಅವನು ಗುಂಡಿಯೊಳಗಿಂದ ತಲೆ ಎತ್ತಿ “ನಾನು ಒತ್ತಿದ ಗುಂಡಿ ಇದೇನಾ?” ಅಂತ ಕೇಳಲಿ. ಅಷ್ಟು ಸಾಕು. ಮತಯಂತ್ರ, ಐದು ವರ್ಷ, ರಸ್ತೆ ಇವೆಲ್ಲ ಮಾತಿನಿಂದ ಹೊರಗೆ ಹೋದವು, ಆದರೂ ಓದುವವರಿಗೆ ಏನೂ ಕಳೆದಿಲ್ಲ ಅಲ್ವಾ?

ನಾನು ಅನುಸರಿಸೋದು ಒಂದು ಪರೀಕ್ಷೆ. ಬರೆದ ಸಾಲನ್ನು ಫೋನಿನಲ್ಲಿ ಸ್ನೇಹಿತರಿಗೆ ಓದಿ ಹೇಳ್ತೀನಿ. ಚಿತ್ರ ನೋಡದೇನೇ ಅವರು ನಕ್ಕರೆ ಅದು ಹನಿಗವನಕ್ಕೆ ಹೋಗಬೇಕಾದ ಸಾಲು. ಡುಂಡಿರಾಜ್ ಅವರ ಹನಿಗವನ ಓದಿದವರಿಗೆ ಗೊತ್ತು, ಅಲ್ಲಿ ಮಾತು ಒಂಟಿಯಾಗಿಯೇ ನಿಲ್ಲುತ್ತೆ, ನಿಲ್ಲಲೇಬೇಕು. ಕಾರ್ಟೂನಿನ ಸಾಲು ಹಾಗಲ್ಲ, ಅದು ಅರ್ಧಕ್ಕೇ ನಿಂತಿರಬೇಕು.

ಇನ್ನೊಂದು ದಾರಿ ಗಾದೆ. ಗಾದೆಯನ್ನು ತಿರುಚಬೇಡಿ, ಇದ್ದ ಹಾಗೇ ಇಡಿ. ಮಳೆಯಲ್ಲಿ ಹದಗೆಟ್ಟ ರಸ್ತೆ ಬರೆದು, ಕೊಡೆ ಹಿಡಿದ ಮುದುಕರ ಬಾಯಲ್ಲಿ “ಹನಿ ಹನಿ ಕೂಡಿದರೆ ಹಳ್ಳ” ಅನ್ನಿಸಿ ನೋಡಿ. ಒಂದಕ್ಷರವೂ ಬದಲಾಗಿಲ್ಲ, ಅರ್ಥ ಮಾತ್ರ ರಸ್ತೆಗೆ ಇಳಿದಿದೆ. ಇಂಥದ್ದು ಸಿಕ್ಕ ದಿನ ನನಗೆ ಊಟ ಸೇರಲ್ಲ, ಅಷ್ಟು ಖುಷಿ.

ಮತ್ತೆ ಹಳೆಯದನ್ನು ನೋಡಿ. ರಾಶಿಯವರು, ಅಂದ್ರೆ ಡಾ. ಎಂ. ಶಿವರಾಂ, 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದಿದ್ದರು, ಮುಂಬೈಗೆ ಹೋಗಿ ದೇಶಕ್ಕೆಲ್ಲ ಗೊತ್ತಾಗುವ ಮೊದಲೇ. ಪ್ರಜಾವಾಣಿಯಲ್ಲಿ ಬರುತ್ತಿದ್ದ ಪಿ. ಮಹಮ್ಮದ್ ಅವರ ಪಾಕೆಟ್ ಕಾರ್ಟೂನ್ ‘ಚಿನಕುರಳಿ’ ಸಿಕ್ಕಷ್ಟು ಗುಡ್ಡೆ ಹಾಕಿಕೊಂಡು ಕೂತು, ಮಾತನ್ನು ಕೈಯಿಂದ ಮುಚ್ಚಿ ಚಿತ್ರ ಮಾತ್ರ ನೋಡಿ, ಆಮೇಲೆ ಚಿತ್ರ ಮುಚ್ಚಿ ಮಾತು ಓದಿ. ಯಾವುದಕ್ಕೆ ಎಷ್ಟು ಭಾರ ಹೊರಿಸಿದ್ದಾರೆ ಅಂತ ತಾನಾಗಿಯೇ ತಿಳಿಯುತ್ತೆ. ಬೆಂಗಳೂರಿನಲ್ಲಿದ್ದರೆ ಎಂ.ಜಿ. ರೋಡ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೂ ಹೋಗಿ ಬನ್ನಿ.

ಉತ್ತರ, ತುಮಕೂರಿನಿಂದ:

ಮೈಸೂರಿನವರು ಹೇಳಿದ್ದನ್ನು ಮುಕ್ಕಾಲು ಪಾಲು ಒಪ್ತೀನಿ. ಆದರೆ ಮಾತೇ ನಗಿಸಿದರೆ ಚಿತ್ರ ದಂಡ ಅನ್ನೋದನ್ನು ಒಪ್ಪಲ್ಲ. ಆ ಮಾತು ಯಾರ ಬಾಯಲ್ಲಿದೆ ಅನ್ನೋದನ್ನು ಚಿತ್ರವೇ ತಾನೇ ಹೇಳೋದು? ಒಂದು ಸಾಲು ತಗೊಳ್ಳಿ: “ಐದು ವರ್ಷ ಕಾಲ್ ಮಾಡಿದ್ದಕ್ಕೆ ಇವತ್ತು ಕಾಲಿಗೇ ಬಂದ!” ಇದು ಚಿತ್ರ ಇಲ್ಲದೇನೂ ನಗಿಸುತ್ತೆ, ಸರಿ. ಇದನ್ನೇ ಹೊಸ್ತಿಲ ಮೇಲೆ ಕೂತ ಅಜ್ಜಿಯ ಬಾಯಿಗೆ ಕೊಟ್ಟು, ಅವರ ಕಾಲ ಬಳಿ ಉದ್ದಕ್ಕೆ ಮಲಗಿದ ಅಭ್ಯರ್ಥಿಯನ್ನು ಬರೆದು, ಅವನ ಹಿಂದೆ ಹಾರ ಹಿಡಿದ ಹಿಂಬಾಲಕರನ್ನು ನಿಲ್ಲಿಸಿದರೆ ಅದರ ತೂಕವೇ ಬೇರೆ. ಲಕ್ಷ್ಮಣ್ ಅವರ ಕಾರ್ಟೂನಿನ ಪಾತ್ರ ಶ್ರೀಸಾಮಾನ್ಯ ಬಾಯಿ ಬಿಡುತ್ತಿರಲಿಲ್ಲ, ಮಾತಾಡಿದವರೆಲ್ಲ ಅವನ ಸುತ್ತ ಇದ್ದವರು. ಸುಮ್ನೆ ನಿಂತು ಕೇಳಿಸಿಕೊಳ್ಳುವ ಒಬ್ಬ ಇದ್ದಾನಲ್ಲ, ಅವನಿಂದಾಗಿ ಆ ಮಾತುಗಳು ಹಾಗೆ ಕುಟುಕುತ್ತಿದ್ದವು. ಆದ್ದರಿಂದ ಸಾಲು ಬರೆಯೋ ಮುಂಚೆ ಯಾರು ಹೇಳ್ತಾರೆ, ಯಾರು ಕೇಳ್ತಾರೆ ಅಂತ ಗೊತ್ತುಮಾಡಿಕೊಳ್ಳಿ.

ಉತ್ತರ, ಧಾರವಾಡದಿಂದ:

ಒಂದು ಮಾತು ಸೇರಿಸ್ತೀನಿ. ಹಳ್ಳ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಬೆಣ್ಣೆಹಳ್ಳದಂಥ ಹರಿಯೋ ಹಳ್ಳ. ರಸ್ತೆಯಲ್ಲಿ ಬಿದ್ದದ್ದಕ್ಕೆ ನಾವು ತಗ್ಗು ಅಂತೀವಿ. ಹಾಗಾಗಿ ಆ ಗಾದೆಯ ಕಾರ್ಟೂನ್ ಇಲ್ಲಿ ಅರ್ಧ ಗಳಿಗೆ ತಡವಾಗಿ ಹತ್ತುತ್ತೆ. ಗುಂಡಿ ಹಾಗಲ್ಲ, ಅಂಗಿಗೂ ಗುಂಡಿ, ಮತಯಂತ್ರಕ್ಕೂ ಗುಂಡಿ, ಪತ್ರಿಕೆಗಳು ದಿನಾ ಬರೆಯೋದೂ ರಸ್ತೆ ಗುಂಡಿ ಅಂತಲೇ. ಬೀದರಿನಿಂದ ಚಾಮರಾಜನಗರದವರೆಗೂ ನಡೆಯುತ್ತೆ. ಹಾಗೇ ‘ಬೆರಕಿ’ ಅಂದರೆ ನಮಗೆ ಚಾಲಾಕಿ ಮನುಷ್ಯ, ಆ ಕಡೆಯವರು ಅದನ್ನು ಬೆರಕೆ ಅಂತ ಓದಿಕೊಂಡರೆ ಇಡೀ ಜೋಕು ಸತ್ತುಹೋಗುತ್ತೆ. ಹಾಲು ಆಲಾಗುವ ಜೋಕು ಕೂಡ ಹಳೇ ಮೈಸೂರು ಸೀಮೆ ದಾಟಿದರೆ ಸೊರಗುತ್ತೆ. ಊರಿನ ಮಾತು ಬೇಡ ಅಂತ ನಾನು ಖಂಡಿತ ಹೇಳ್ತಿಲ್ಲ. ನಮ್ಮ ಭಾಷೆಯ ರುಚಿ ಇರೋದೇ ಅಲ್ಲಿ. ಪಾತ್ರದ ಮಾತಿನ ಧಾಟಿ ಊರಿನದಾಗಿರಲಿ, ಜೋಕು ನಿಂತಿರುವ ಆ ಒಂದು ಪದ ಮಾತ್ರ ಎಲ್ಲರದಾಗಿರಲಿ. ಕಳಿಸುವ ಮೊದಲು ಬೇರೆ ಜಿಲ್ಲೆಯವರೊಬ್ಬರಿಗೆ ತೋರಿಸಿ.

ಉತ್ತರ, ಬೆಂಗಳೂರಿನಿಂದ, ಪುಟ ಕಟ್ಟುವ ಕೆಲಸದಲ್ಲಿರುವವರು:

ಅಕ್ಷರದ ಬಗ್ಗೆ ಯಾರೂ ಹೇಳಲಿಲ್ಲ. ಪಾಕೆಟ್ ಕಾರ್ಟೂನ್ ಬರೋದು ಒಂದು ಕಾಲಂ ಅಗಲದಲ್ಲಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತೆ, ಗುಡಿಸು ಮೇಲಕ್ಕೆ ಏರುತ್ತೆ, ಹಾಗಾಗಿ ಎರಡು ಸಾಲಿನ ಮಾತನ್ನು ಒತ್ತೊತ್ತಾಗಿ ಬರೆದರೆ ಒಂದರ ಒತ್ತು ಇನ್ನೊಂದರ ತಲೆಗೆ ಬಡಿಯುತ್ತೆ. ಮಾತಿನ ಆಟವೇ ಒಂದು ಸಣ್ಣ ಗುರುತಿನ ಮೇಲೆ ನಿಂತಿದ್ದರೆ ಇನ್ನೂ ಜಾಸ್ತಿ ಜಾಗ ಬೇಕು. ಮಳೆಗಾಲದಲ್ಲಿ ‘ನೂರಡಿ ರಸ್ತೆ’ ಬೋರ್ಡನ್ನು ‘ನೀರಡಿ ರಸ್ತೆ’ ಅಂತ ತಿದ್ದುತ್ತಿರುವ ಕಾರ್ಟೂನ್ ಅಂದುಕೊಳ್ಳಿ. ಆ ಗುಡಿಸು ಮಸುಕಾಗಿ ಅಚ್ಚಾದರೆ ಓದುವವರಿಗೆ ಅದು ಬರೀ ಬೋರ್ಡು. ಅಂಥ ಪದವನ್ನು ಬೇರೆ ಅಕ್ಷರಗಳಿಗಿಂತ ದಪ್ಪ ಬರೆಯಿರಿ, ಸಾಧ್ಯವಾದರೆ ಮಾತಿನಲ್ಲಿ ಕೊನೆಗೆ ಬರುವ ಹಾಗೆ ಜೋಡಿಸಿ.

ಹಾಂ, ಆ ಪದಕ್ಕೆ ಕೊಟೇಶನ್ ಗುರುತು ಹಾಕಬೇಡಿ, ಅದರ ಮುಂದೆ ಮೂರು ಆಶ್ಚರ್ಯಸೂಚಕವನ್ನಂತೂ ಹಾಕಲೇಬೇಡಿ. ಬರೆದದ್ದನ್ನು ಒಂದು ಕಾಲಂ ಅಳತೆಗೆ ಇಳಿಸಿ ಪ್ರಿಂಟ್ ತೆಗೆದು, ಕೈ ಚಾಚಿದಷ್ಟು ದೂರ ಹಿಡಿದು ಓದಿ. ಮೊಬೈಲಿನಲ್ಲಿ ದೊಡ್ಡದು ಮಾಡದೇನೂ ಒಮ್ಮೆ ನೋಡಿ. ಎರಡೂ ಕಡೆ ಸಲೀಸಾಗಿ ಓದೋಕೆ ಬಂದರೆ ಕಳಿಸಿ, ಸುದ್ದಿ ಬಿಸಿ ಇರುವಾಗಲೇ.